ಆಕಾಶದಲ್ಲಿ ಲಾಟರಿ ಇಲ್ಲ

2024ರ ಅಕ್ಟೋಬರಿನಲ್ಲಿ, ಸಂಜೆಯ ಪಡುವಣದಲ್ಲಿ ಧೂಮಕೇತು ಕಾಣುತ್ತದೆಂದು ಪತ್ರಿಕೆಗಳಲ್ಲಿ ಬಂದಾಗ ಉಡುಪಿ ಬಳಿಯ ಕೆಮ್ಮಣ್ಣಿನ ಚಹಾದಂಗಡಿಯಲ್ಲಿ ಒಬ್ಬರು ಅಂದರು: ‘ಮಾರಾಯ್ರೆ, ಅದನ್ನು ಮೊದಲು ಕಂಡವನಿಗೆ ಲಾಟರಿ ಹೊಡೆದ ಹಾಗೆ. ಮತ್ತೆಂಥ ಬೇಕು?’ ಆ ತ್ಸುಚಿನ್‌ಶಾನ್–ಅಟ್ಲಾಸ್ ಧೂಮಕೇತುವಿಗೆ ಮನುಷ್ಯರ ಹೆಸರೇ ಇರಲಿಲ್ಲ. ತ್ಸುಚಿನ್‌ಶಾನ್ ಎಂಬುದು ಚೀನಾದ ವೀಕ್ಷಣಾಲಯ. ಅಟ್ಲಾಸ್ ಎಂಬುದು ತಾನಾಗಿಯೇ ಆಕಾಶ ಜಾಲಾಡುವ ಟೆಲಿಸ್ಕೋಪುಗಳ ವ್ಯವಸ್ಥೆ. ಆದರೆ ಲಾಟರಿಯ ಮಾತು ಅವರೊಬ್ಬರದಲ್ಲ. ಹವ್ಯಾಸಿಯೊಬ್ಬ ಆಕಾಶದಲ್ಲಿ ಹೊಸದೇನಾದರೂ ಕಂಡ ಎಂದರೆ ಓದಿದವರ ಬಾಯಲ್ಲೂ ಬರುವುದು ಇದೇ ‘ಅದೃಷ್ಟ’. ನನಗೆ ಇದು ಪೊಳ್ಳು ಮಾತು ಅನ್ನಿಸುತ್ತದೆ. ಲಾಟರಿ ಹೊಡೆದವನಿಗೆ ಟಿಕೆಟಿನ ಬಗ್ಗೆ ಏನೂ ಗೊತ್ತಿರಬೇಕಿಲ್ಲ, ಮರುದಿನ ಕೆಲಸಕ್ಕೆ ಹೋಗಬೇಕೆಂದೂ ಇಲ್ಲ. ಹೊಸ ಚುಕ್ಕಿ ಕಂಡವನಿಗೆ ಮೊದಲೇ ಬಹಳಷ್ಟು ಗೊತ್ತಿರಬೇಕು, ಮರುದಿನದಿಂದ ಅವನ ಕೆಲಸ ಇಮ್ಮಡಿಯಾಗುತ್ತದೆ.

ಅದೃಷ್ಟದ ಪಕ್ಷದಲ್ಲಿ ಗಟ್ಟಿ ಸಾಕ್ಷಿಯೂ ಇದೆ, ಅದನ್ನು ಮುಚ್ಚಿಡಬಾರದು. 1995ರ ಜುಲೈ 23ರ ರಾತ್ರಿ ಅಮೆರಿಕದ ಅರಿಜೋನಾದಲ್ಲಿ ಥಾಮಸ್ ಬಾಪ್ ಗೆಳೆಯನ ಟೆಲಿಸ್ಕೋಪಿಗೆ ಕಣ್ಣಿಟ್ಟಿದ್ದ. ಸ್ವಂತದ್ದು ಅವನಲ್ಲಿ ಇರಲೇ ಇಲ್ಲ. ಹೊಟ್ಟೆಪಾಡು ಕಟ್ಟಡ ಸಾಮಗ್ರಿಯ ಕಂಪನಿಯಲ್ಲಿ. ಎಂ 70 ಎಂಬ ನಕ್ಷತ್ರಗುಚ್ಛದ ಪಕ್ಕದಲ್ಲಿ ಮಸುಕು ಬೆಳಕೊಂದು ಕಂಡಿತು. ಅದೇ ರಾತ್ರಿ ನ್ಯೂ ಮೆಕ್ಸಿಕೋದಲ್ಲಿ ಅಲನ್ ಹೇಲ್ ಕೂಡ ಅದನ್ನು ಕಂಡ. ಅದೇ ಹೇಲ್–ಬಾಪ್ ಧೂಮಕೇತು. ಒಪ್ಪೋಣ, ಆಕಸ್ಮಿಕವೇ. ಆದರೆ ಹೇಲ್‌ಗೆ ಸಂಶಯ ಬಂದದ್ದು ಹೇಗೆ? ಸುಮಾರು ಎರಡು ವಾರಗಳ ಹಿಂದಷ್ಟೇ ಆತ ಅದೇ ಗುಚ್ಛ ನೋಡಿದ್ದ, ಆಗ ಪಕ್ಕದಲ್ಲಿ ಏನೂ ಇರಲಿಲ್ಲ. ಬಾಪ್ ಮತ್ತು ಗೆಳೆಯರು ನಕ್ಷೆ ತೆಗೆದು, ಅಲ್ಲಿ ಅಂಥದ್ದೇನೂ ಇಲ್ಲವೆಂದು ನೋಡಿ, ಅದು ಸರಿಯುತ್ತಿದೆಯೇ ಎಂದು ಕಾದರು. ಖಾಲಿ ಜಾಗ ಯಾವುದೆಂದು ಗೊತ್ತಿಲ್ಲದವನ ಕಣ್ಣಿಗೆ ಆಕಾಶದ ತುಂಬ ಹೊಸ ಚುಕ್ಕಿಗಳೇ.

ನಾಳೆ ಕೆಮ್ಮಣ್ಣಿನಲ್ಲೇ ಒಬ್ಬರಿಗೆ ಹಾಗೊಂದು ಕಂಡಿತು ಅನ್ನಿ. ಹೆಂಡತಿಯನ್ನು ಎಬ್ಬಿಸಿ ತೋರಿಸುವುದಕ್ಕೂ ಮೊದಲು ಸಂಶಯಗಳ ಸಾಲು: ಲೆನ್ಸಿನ ಪ್ರತಿಫಲನವೇ, ಉಪಗ್ರಹವೇ, ಮೊದಲೇ ಗೊತ್ತಿರುವ ಕ್ಷುದ್ರಗ್ರಹವೇ? ಹೆಚ್ಚಿನ ಸಲ ಉತ್ತರ ಈ ಮೂರರಲ್ಲೇ ಸಿಗುತ್ತದೆ. ಸಿಗದಿದ್ದರೆ ಇನ್ನೊಂದು ಚಿತ್ರ, ನಿಖರವಾದ ಸ್ಥಾನ, ಹೊತ್ತು. ಆಮೇಲೆ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ವ್ಯವಸ್ಥೆಗೆ ವರದಿ. ಬೆಳಗ್ಗೆ ಎಂದಿನಂತೆ ಬ್ಯಾಂಕಿಗೋ ಶಾಲೆಗೋ ಹೊರಡಬೇಕು. ಮತ್ತೆ ಮಾರನೆಯ ರಾತ್ರಿ, ಅದರ ಮಾರನೆಯ ರಾತ್ರಿ ಅದನ್ನೇ ಅಳೆಯಬೇಕು. ಇದು ಮಳೆಗಾಲದ ಹೊಸ್ತಿಲಾದ ಪತ್ತನಾಜೆಯ ಹೊತ್ತಿಗೆ ಆದರೆ ಕಥೆ ಮುಗಿಯಿತು: ಜೂನಿನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ಆಕಾಶವೇ ಇಲ್ಲ. ಆಗ ಘಟ್ಟದಾಚೆ, ಒಣನಾಡಿನಲ್ಲಿ, ಫೋನ್ ಎತ್ತುವ ಸ್ನೇಹಿತನೊಬ್ಬ ಬೇಕು. ಉಡುಪಿಯಲ್ಲಿ ಡಾ. ಎ. ಪಿ. ಭಟ್ಟರು ಕಟ್ಟಿ ಬೆಳೆಸಿದ ಪೂರ್ಣಪ್ರಜ್ಞ ಕಾಲೇಜಿನ ಖಗೋಳ ವೀಕ್ಷಕರ ಸಂಘದಂಥದ್ದರ ಬೆಲೆ ನನಗೆ ತಿಳಿಯುವುದು ಇಲ್ಲಿಯೇ. ಗ್ರಹಣದ ದಿನ ಕನ್ನಡಕ ಹಂಚುವುದು ಅದರ ಕಣ್ಣಿಗೆ ಕಾಣುವ ಕೆಲಸ. ಸಂಶಯ ಬಂದಾಗ ಕೇಳುವುದಕ್ಕೆ ಜನ ಇರುವುದು ಕಾಣದ ಕೆಲಸ.

ಕಂಡ ಮೇಲಿನ ಬದುಕು ಹೇಗಿರುತ್ತದೆ ಎಂಬುದಕ್ಕೆ ರಾಧಾಗೋವಿಂದ ಚಂದ್ರರಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಈಗಿನ ಬಾಂಗ್ಲಾದೇಶದಲ್ಲಿರುವ ಜೆಸ್ಸೋರಿನವರು. ಎಂಟ್ರೆನ್ಸ್ ಪರೀಕ್ಷೆಯಲ್ಲಿ ಮೂರು ಸಲ ಫೇಲು. ಸರ್ಕಾರಿ ಖಜಾನೆಯಲ್ಲಿ ನಾಣ್ಯ ಎಣಿಸಿ ಪರೀಕ್ಷಿಸುವ ಚಿಕ್ಕ ನೌಕರಿ. 1910ರಲ್ಲಿ ಹ್ಯಾಲಿ ಧೂಮಕೇತು ನೋಡಿ ಹುಚ್ಚು ಹೆಚ್ಚಿ, 1912ರಲ್ಲಿ ಇಂಗ್ಲೆಂಡಿನಿಂದ ಮೂರಿಂಚಿನ ಟೆಲಿಸ್ಕೋಪ್ ತರಿಸಿಕೊಂಡರು. 1918ರ ಜೂನಿನಲ್ಲಿ ಗರುಡ ನಕ್ಷತ್ರಪುಂಜದಲ್ಲಿ, ಇದ್ದಿರಬಾರದ ಕಡೆ, ಒಂದು ನಕ್ಷತ್ರ ಹೊಳೆಯುತ್ತಿರುವುದು ಕಂಡಿತು. ಆ ಶತಮಾನದ ಅತ್ಯಂತ ಉಜ್ವಲ ನೋವಾ ಅದು. ಲಾಟರಿ? ಜಗತ್ತಿನ ಬೇರೆ ಬೇರೆ ಕಡೆ ಹಲವರು ಅದನ್ನು ಸ್ವತಂತ್ರವಾಗಿ ಕಂಡಿದ್ದರು. ಅದಕ್ಕೆ ಚಂದ್ರರ ಹೆಸರೇನೂ ಬರಲಿಲ್ಲ. ಅವರು ಹಾರ್ವರ್ಡ್ ವೀಕ್ಷಣಾಲಯಕ್ಕೆ ಬರೆದರು. ಬಂದದ್ದು ಹಣವಲ್ಲ, ಕೆಲಸ: ಹೊಳಪು ಬದಲಾಗುವ ನಕ್ಷತ್ರಗಳನ್ನು ಗಮನಿಸುವ ಅಮೆರಿಕದ ಹವ್ಯಾಸಿಗಳ ಸಂಘದ ಸದಸ್ಯತ್ವ, ಮುಂದೆ ಆರಿಂಚಿನ ಟೆಲಿಸ್ಕೋಪೊಂದು ಎರವಲಾಗಿ. ಹಗಲು ನಾಣ್ಯ, ರಾತ್ರಿ ನಕ್ಷತ್ರ. ಹೀಗೆ 1954ರವರೆಗೆ ಮೂವತ್ತೇಳು ಸಾವಿರಕ್ಕೂ ಮಿಕ್ಕಿ ವೀಕ್ಷಣೆಗಳನ್ನು ದಾಖಲಿಸಿ ಕಳಿಸಿದರು. ದೇಶ ಒಡೆಯಿತು, ಮನೆ ಬಿಟ್ಟು ಪಶ್ಚಿಮ ಬಂಗಾಳಕ್ಕೆ ಬಂದರು; ದಾಖಲೆ ನಿಲ್ಲಲಿಲ್ಲ. ಆ ಎರವಲು ಟೆಲಿಸ್ಕೋಪ್ ಕೊನೆಗೆ ಖಗೋಳವಿಜ್ಞಾನಿ ವೇಣು ಬಾಪು ಅವರ ಕೈ ಸೇರಿತು. ಕಂಡ ಆ ಒಂದು ರಾತ್ರಿಯನ್ನು ಚಂದ್ರರ ಜೀವನದಿಂದ ಕಿತ್ತುಹಾಕಿ ನೋಡಿ, ಅವರು ದೊಡ್ಡವರಾಗಿಯೇ ಉಳಿಯುತ್ತಾರೆ. ಉಳಿದ ರಾತ್ರಿಗಳನ್ನು ತೆಗೆದರೆ ಏನೂ ಉಳಿಯುವುದಿಲ್ಲ.

ಇನ್ನೊಂದು ಆಕ್ಷೇಪವನ್ನು ನಾನು ಗೌರವಿಸುತ್ತೇನೆ: ಅದೆಲ್ಲ ಹಳೆಯ ಕಾಲ, ಈಗ ಹವ್ಯಾಸಿಗೆ ಉಳಿದಿರುವುದೇನು? ಚಿಲಿಯ ರೂಬಿನ್ ವೀಕ್ಷಣಾಲಯ 2025ರ ಜೂನಿನಲ್ಲಿ ಮೊದಲ ಚಿತ್ರಗಳನ್ನು ಕೊಟ್ಟಿತು, ಅದರ ಕ್ಯಾಮೆರಾ 3200 ಮೆಗಾಪಿಕ್ಸೆಲ್. ಅದರೆದುರು ಮನೆಯ ಟೆರೇಸಿನ ಟೆಲಿಸ್ಕೋಪ್ ಏನು ಮಹಾ? ಧೂಮಕೇತುಗಳಿಗೆ ಹವ್ಯಾಸಿಗಳ ಹೆಸರು ಬರುವುದು ಕಮ್ಮಿಯಾಗಿದೆ, ಇನ್ನೂ ಕಮ್ಮಿಯಾಗುತ್ತದೆ. ಹೌದು. ಆದರೂ ಬೇರೆ ಸೌರಮಂಡಲದಿಂದ ಬಂದ ಮೊದಲ ಧೂಮಕೇತುವನ್ನು 2019ರ ಆಗಸ್ಟಿನಲ್ಲಿ ಹಿಡಿದದ್ದು ಹವ್ಯಾಸಿ ಗೆನ್ನಾಡಿ ಬೊರಿಸೊವ್, ಕೈಯಾರೆ ಮಾಡಿಕೊಂಡ ಟೆಲಿಸ್ಕೋಪಿನಲ್ಲಿ, ಸೂರ್ಯೋದಯಕ್ಕೆ ಮುಂಚೆ, ದೊಡ್ಡ ಯಂತ್ರಗಳು ಅಷ್ಟಾಗಿ ನೋಡದ ಮೂಲೆಯಲ್ಲಿ. ಆ ಯಂತ್ರಗಳಿಗೆ ಬರಿಗಣ್ಣಿಗೆ ಕಾಣುವ ನಕ್ಷತ್ರ ಕಣ್ಣು ಕುಕ್ಕುವಷ್ಟು ಪ್ರಖರ. ನಮ್ಮ ಆರ್ದ್ರಾ 2019ರ ಕೊನೆಗೆ ಮಂಕಾಗುತ್ತ ಹೋದಾಗ ಅದನ್ನು ಬರಿಗಣ್ಣಲ್ಲೇ ರಾತ್ರಿ ರಾತ್ರಿ ಅಂದಾಜಿಸಿ ಬರೆದಿಟ್ಟವರು ಹವ್ಯಾಸಿಗಳು. ಆರ್ದ್ರಾ ಮಳೆ ಗೊತ್ತಿರುವ ನಮ್ಮಲ್ಲಿ ಆರ್ದ್ರಾ ನಕ್ಷತ್ರವನ್ನು ಬೆರಳಿಟ್ಟು ತೋರಿಸಬಲ್ಲವರು ಎಷ್ಟು ಜನ? ಎಲ್ಲವೂ ನಮ್ಮ ಹಿರಿಯರಿಗೆ ಮೊದಲೇ ಗೊತ್ತಿತ್ತು ಎನ್ನುವವರು ದಯವಿಟ್ಟು ಇದೊಂದನ್ನು ತೋರಿಸಿಬಿಟ್ಟು ಹೋಗಲಿ.

ನನಗೆ ಸಿಟ್ಟು ಬರುವುದು ಬೇರೆ ಕಡೆ. ಕಂಡವನಿಗೆ ಶಾಲು, ಹಣ್ಣಿನ ಬುಟ್ಟಿ, ಪೇಟ, ಫೋಟೊ, ಎಲ್ಲ ಕೊಡುತ್ತೇವೆ. ಅದೇ ವಾರ ಅವನ ಮನೆಯ ಬದಿಗೇ ನಕ್ಷತ್ರಗಳನ್ನು ಮುಳುಗಿಸುವ ಹೈಮಾಸ್ಟ್ ದೀಪವನ್ನೂ ಹಾಕಿಸುತ್ತೇವೆ, ಉದ್ಘಾಟನೆಗೆ ಅವನನ್ನೇ ಕರೆಯುತ್ತೇವೆ. ಅರ್ಜೆಂಟೀನಾದ ರೊಸಾರಿಯೊ ನಗರದಲ್ಲಿ ಬೀಗ ರಿಪೇರಿ ಮಾಡುವ ವಿಕ್ಟರ್ ಬುಸೊ, 2016ರ ಸೆಪ್ಟೆಂಬರ್ 20ರಂದು ಹೊಸ ಕ್ಯಾಮೆರಾ ಪರೀಕ್ಷಿಸುತ್ತಿದ್ದಾಗ ಸೂಪರ್ನೋವಾವೊಂದರ ಮೊಟ್ಟಮೊದಲ ಬೆಳಕನ್ನೇ ಹಿಡಿದ. ನಗರದ ಬೆಳಕಿಗೆ ಚಿತ್ರ ಬಿಳುಚುತ್ತದೆಂದು ಇಪ್ಪತ್ತಿಪ್ಪತ್ತು ಸೆಕೆಂಡಿನ ಸಣ್ಣ ಸಣ್ಣ ಚಿತ್ರ ತೆಗೆದಿದ್ದ. ಹಾಗಾಗಿಯೇ ಹೊಳಪು ಏರುವುದು ಮೆಟ್ಟಿಲು ಮೆಟ್ಟಿಲಾಗಿ ದಾಖಲಾಯಿತು. ಇದನ್ನು ಯಾರಾದರೂ ನಗರದ ದೀಪಗಳ ಪರವಾಗಿ ಹೇಳಿಯಾರು. ಹೇಳಲಿ. ಆದರೆ ಬುಸೊ ಆ ದೀಪಗಳ ನಡುವೆಯೂ ವರ್ಷಗಟ್ಟಲೆ ಆಕಾಶ ನೋಡುತ್ತಿದ್ದವನು. ಕಡಲಿನಲ್ಲಿ ಮೀನಿನ ದೋಣಿಗಳ ಬೆಳಕನ್ನು ಆರಿಸಿ ಎನ್ನಲು ನನಗೆ ಬಾಯಿ ಬಾರದು, ಅದು ಅವರ ಅನ್ನ. ಬೀಚಿನ ದೀಪದ ಮಾತು ಬೇರೆ. ಅದಕ್ಕೊಂದು ತಗಡಿನ ಮುಚ್ಚಳ ಹಾಕಿ ಬೆಳಕನ್ನು ಮರಳಿಗೆ ತಿರುಗಿಸಲು ಸನ್ಮಾನದ ಶಾಮಿಯಾನಕ್ಕಿಂತ ಹೆಚ್ಚು ಖರ್ಚಾಗದು, ಪಂಚಾಯತಿನ ಮುಂದಿನ ಸಭೆಯಲ್ಲೇ ಈ ಪ್ರಸ್ತಾಪ ಇಡಬಹುದು.