ಅತಿಥಿ ಬಂದ, ಕಟಕಟೆ ಏರಿದ!

ಮೊನ್ನೆ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ತರುಣ ಅಭಿಮಾನಿಯೊಬ್ಬ ನನ್ನನ್ನು ತಡೆದು ನಿಲ್ಲಿಸಿದ. ಯಾವುದೋ ಧಾರಾವಾಹಿಯ ಕೋರ್ಟ್ ಸೀನಿನಲ್ಲಿ ಸಾಕ್ಷಿಯ ಪಾತ್ರ ಕೊಡ್ತೀವಿ ಅಂದಿದ್ದಾರಂತೆ. ಎರಡೇ ಸೀನು. "ಬೇಡ ಅಂದ್ಬಿಡ್ತೀನಿ ಸಾರ್. ಬಂದರೆ ಹೀರೋ ಆಗಿ ಬರಬೇಕು" ಅಂದ.

"ಕೂತ್ಕೋಪ್ಪಾ, ಟೀ ಕುಡಿ" ಅಂದೆ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ, ಕೇಳಿ.

ಅಮೆರಿಕದಲ್ಲಿ 'ದಿ ಪ್ರಾಕ್ಟೀಸ್' ಅಂತ ಒಂದು ಟಿ.ವಿ. ಧಾರಾವಾಹಿ ಇತ್ತು. 1997ರಿಂದ 2004ರವರೆಗೆ ನಡೆಯಿತು. ಬಾಸ್ಟನ್ ನಗರದ ಸಣ್ಣ ವಕೀಲರ ಕಚೇರಿಯ ಕಥೆ. ಬರೆದ ಡೇವಿಡ್ ಇ. ಕೆಲ್ಲಿ ಸ್ವತಃ ಅದೇ ಊರಿನಲ್ಲಿ ವಕೀಲನಾಗಿದ್ದವನು! ಕೋರ್ಟ್ ಕಥೆಯ ಗುಟ್ಟು ಅವನಿಗೆ ಗೊತ್ತು: ವಕೀಲ ದಿನಾ ಅದೇ ಮುಖ, ಕಟಕಟೆಗೆ ಮಾತ್ರ ಹೊಸಬ ಬರಬೇಕು. ಆ ಹೊಸಬ ಸೋತರೆ ಕೇಸೇ ಸೋತಂತೆ.

ಸೋಲಲಿಲ್ಲ ಸ್ವಾಮೀ! 1998ರಿಂದ 2002ರವರೆಗೆ ಸತತ ಐದು ವರ್ಷ ಅತಿಥಿ ನಟನ ಎಮ್ಮಿ ಪ್ರಶಸ್ತಿ ಇದೇ ಧಾರಾವಾಹಿಯ ಪಾಲಾಯಿತು. ಮೊದಲನೆಯವನು ಜಾನ್ ಲಾರೊಕೆಟ್. 'ನೈಟ್ ಕೋರ್ಟ್' ಎಂಬ ಹಾಸ್ಯ ಧಾರಾವಾಹಿಯಲ್ಲಿ ಸರ್ಕಾರಿ ವಕೀಲನಾಗಿ ನಗಿಸಿದ್ದವನು, ಇಲ್ಲಿ ಜೋಯಿ ಹೆರಿಕ್ ಎಂಬ ಕೊಲೆಗಾರ! ಅದೇ ನಗು, ಆದರೆ ಬೆನ್ನಲ್ಲಿ ಚಳಿ ಹುಟ್ಟುತ್ತದೆ. 2000ದಲ್ಲಿ ಜೇಮ್ಸ್ ವಿಟ್‌ಮೋರ್. 'ದಿ ಶಾಶಾಂಕ್ ರಿಡೆಂಪ್ಷನ್' ಚಿತ್ರದ ಆ ಮುದಿ ಕೈದಿ ನೆನಪಿದ್ದಾನೆ ತಾನೆ? ಅವರೇ. ಆಗ ವಯಸ್ಸು ಎಪ್ಪತ್ತೆಂಟು!

ಕ್ಯಾಪ್ಟನ್ ಕರ್ಕ್ ಖ್ಯಾತಿಯ ವಿಲಿಯಂ ಶಾಟ್ನರ್ ಡೆನ್ನಿ ಕ್ರೇನ್ ಎಂಬ ವಕೀಲನಾಗಿ ಬಂದು 2004ರಲ್ಲಿ ಗೆದ್ದ. ಆ ಪಾತ್ರ ಎಷ್ಟು ಹಿಡಿಸಿತೆಂದರೆ ಮುಂದೆ 'ಬಾಸ್ಟನ್ ಲೀಗಲ್' ಎಂಬ ಹೊಸ ಧಾರಾವಾಹಿಗೇ ಆಧಾರವಾಯಿತು. ನೆಂಟನಾಗಿ ಬಂದವನು ಮನೆ ಯಜಮಾನನಾದ!

ಆದರೆ ನನ್ನ ಮನಸ್ಸು ಕಲಕಿದ್ದು ಬಿಯಾ ರಿಚರ್ಡ್ಸ್. 1967ರ 'ಗೆಸ್ ಹೂ ಈಸ್ ಕಮಿಂಗ್ ಟು ಡಿನ್ನರ್' ಚಿತ್ರದಲ್ಲಿ ಸಿಡ್ನಿ ಪಾಯ್ಟಿಯರ್‌ನ ತಾಯಿ. ಆಸ್ಕರ್‌ಗೆ ಹೆಸರು ಹೋಯಿತು, ಪ್ರಶಸ್ತಿ ಬರಲಿಲ್ಲ. ಇಂಥ ದೊಡ್ಡ ಕಲಾವಿದೆಗೆ ಜೀವನವಿಡೀ ಸಿಕ್ಕಿದ್ದು ಹೆಚ್ಚಾಗಿ ತಾಯಿ, ಅಜ್ಜಿಯ ಸಣ್ಣ ಪಾತ್ರಗಳೇ. ಎಂಬತ್ತರ ವಯಸ್ಸು, ಶ್ವಾಸಕೋಶದ ಕಾಯಿಲೆ. ಆದರೂ 'ದಿ ಪ್ರಾಕ್ಟೀಸ್'ಗೆ ಅತಿಥಿಯಾಗಿ ಬಂದು ನಟಿಸಿದರು. 2000ದಲ್ಲಿ ಎಮ್ಮಿ ಗೆದ್ದರು. ಅದೇ ವರ್ಷ ಸೆಪ್ಟೆಂಬರ್ 14ರಂದು ಕಣ್ಣು ಮುಚ್ಚಿದರು.

ಹೇಳಿ ಮುಗಿಸುವಷ್ಟರಲ್ಲಿ ಹುಡುಗನ ಟೀ ಆರಿ ಹೋಗಿತ್ತು.

"ಎರಡು ಸೀನು ಅಂದೆಯಲ್ಲಾ, ಮಾತೆಷ್ಟಿದೆ?" ಎಂದೆ.

"ನಾಲ್ಕೇ ಸಾಲು ಸಾರ್."

"ನಾಲ್ಕು ಸಾಲಿಗೆ ಇಡೀ ಕೋರ್ಟು ನಿನ್ನನ್ನೇ ನೋಡ್ತದೆ ಕಣಯ್ಯಾ! ಹೀರೋಗೂ ಆ ಹೊತ್ತಿನಲ್ಲಿ ಕೇಳುವ ಕೆಲಸವೇ."

ಬಸ್ ಹಾರ್ನ್ ಹೊಡೆಯಿತು. ಓಡಿ ಹತ್ತಿದ. ಕಿಟಕಿಯಲ್ಲಿ ಅವನ ತುಟಿ ಅಲ್ಲಾಡುತ್ತಿತ್ತು. ಆ ನಾಲ್ಕು ಸಾಲೇ ಇರಬೇಕು!

ಮುಂದಿನ ವಾರ ಮತ್ತೆ ಸಿಗೋಣ.