ನಕ್ಷತ್ರ ಹಚ್ಚುವವರೇ, ಕಮಿಷನ್ ಕೊಟ್ಟವರ ಹೆಸರು ಹೇಳಿ

‘ಈ ವರ್ಷದ ಅತ್ಯುತ್ತಮ ಕ್ರೆಡಿಟ್ ಕಾರ್ಡ್‌ಗಳು’ ಎಂದು ತಲೆಬರಹ ಕೊಟ್ಟು, ಒಂದೊಂದು ಕಾರ್ಡಿನ ಪಕ್ಕಕ್ಕೂ ನಾಲ್ಕೂವರೆ ನಕ್ಷತ್ರ ಹಚ್ಚುವ ಗೆಳೆಯರೇ, ಈ ಮಾತು ನಿಮಗೆ. ಹೋಲಿಕೆ ವೆಬ್‌ಸೈಟು ನಡೆಸುವವರಿಗೆ, ಅದಕ್ಕೆ ಬರೆದುಕೊಡುವವರಿಗೆ, ಅದನ್ನೇ ಕನ್ನಡದಲ್ಲಿ ವಿಡಿಯೊ ಮಾಡಿ ‘ಲಿಂಕ್ ಕೆಳಗಡೆ ಡಿಸ್ಕ್ರಿಪ್ಷನ್‌ನಲ್ಲಿದೆ’ ಎನ್ನುವವರಿಗೆ.

ಆ ಲಿಂಕ್ ಒತ್ತಿ ಯಾರಾದರೂ ಅರ್ಜಿ ಹಾಕಿ, ಕಾರ್ಡ್ ಮಂಜೂರಾದರೆ ನಿಮಗೆ ಕಮಿಷನ್ ಬರುತ್ತದೆ. ಅದರಲ್ಲಿ ತಪ್ಪೇನಿಲ್ಲ. ದುಡಿದವರಿಗೆ ಕೂಲಿ ಬೇಕು, ಸೈಟು ನಡೆಸುವುದಕ್ಕೆ ಖರ್ಚಿದೆ. ಆದರೆ ಓದುವವನು ನಿಮ್ಮನ್ನು ಬ್ಯಾಂಕಿನ ಏಜೆಂಟ್ ಎಂದುಕೊಂಡಿಲ್ಲ. ತನ್ನ ಪರವಾಗಿ ಹತ್ತಾರು ಬ್ಯಾಂಕುಗಳ ಷರತ್ತು ಓದಿ, ಅಳೆದು ತೂಗಿ ಹೇಳುತ್ತಿರುವವರು ಎಂದು ನಂಬಿದ್ದಾನೆ. ಮಾಲ್ ಬಾಗಿಲಲ್ಲಿ ಅರ್ಜಿ ಹಿಡಿದು ನಿಲ್ಲುವ ಹುಡುಗನ ಕೊರಳಲ್ಲಿ ಬ್ಯಾಂಕಿನ ಟ್ಯಾಗ್ ಇರುತ್ತದೆ. ಅವನ ಮಾತನ್ನು ಎಷ್ಟು ನಂಬಬೇಕೆಂದು ಎಲ್ಲರಿಗೂ ಗೊತ್ತು. ನಿಮ್ಮ ಕೊರಳಲ್ಲಿ ಟ್ಯಾಗ್ ಇಲ್ಲ.

ಇಂಥ ಒಂದು ಪುಟವನ್ನು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ನೋಡಿ. ಮೊದಲು ಕಾರ್ಡಿನ ಫಳಫಳ ಚಿತ್ರ. ಪಕ್ಕದಲ್ಲಿ ಏರ್‌ಪೋರ್ಟ್ ಲೌಂಜ್, ಕ್ಯಾಶ್‌ಬ್ಯಾಕ್, ‘ಲೈಫ್‌ಟೈಮ್ ಫ್ರೀ’. ಅದರ ಕೆಳಗೆ ‘ಈಗಲೇ ಅರ್ಜಿ ಹಾಕಿ’ ಎಂಬ ದಪ್ಪ ಗುಂಡಿ. ಎಲ್ಲ ಮುಗಿದ ಮೇಲೆ, ಪುಟದ ತಳದಲ್ಲಿ, ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ, ‘ನಮ್ಮ ಪಾಲುದಾರರಿಂದ ನಮಗೆ ಸಂಭಾವನೆ ಬರಬಹುದು’ ಎಂಬ ಒಂದು ಸಾಲು. ‘ಬರಬಹುದು’ ಯಾಕೆ? ಬರುತ್ತದೆ. ಯಾರಿಂದ, ಯಾವ ಕಾರ್ಡಿಗೆ ಎಂಬುದೂ ನಿಮಗೆ ಗೊತ್ತು. ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಆ ಪುಟದಲ್ಲಿ ಇಲ್ಲದ ಕಾರ್ಡುಗಳು. ಕಮಿಷನ್ ಕೊಡದ ಬ್ಯಾಂಕಿನ ಕಾರ್ಡನ್ನು ಪಟ್ಟಿಯಿಂದಲೇ ಬಿಟ್ಟರೆ ಓದುಗನಿಗೆ ಅದು ಗೊತ್ತಾಗುವ ದಾರಿಯೇ ಇಲ್ಲ. ಕಣ್ಣಿಗೆ ಬೀಳದ್ದನ್ನು ಅವನು ಹೋಲಿಸುವುದು ಹೇಗೆ?

ಇದು ಬರೀ ಅನುಮಾನ ಎನ್ನುವವರು ಆಸ್ಟ್ರೇಲಿಯಾದ ಒಂದು ತೀರ್ಪು ನೋಡಲಿ. ಹೋಟೆಲ್ ಬೆಲೆ ಹೋಲಿಸುವ ಟ್ರಿವಾಗೊ ಸಂಸ್ಥೆ ಗ್ರಾಹಕರನ್ನು ದಾರಿ ತಪ್ಪಿಸಿದೆ ಎಂದು ಅಲ್ಲಿನ ಫೆಡರಲ್ ಕೋರ್ಟ್ 2020ರಲ್ಲಿ ಹೇಳಿತು. ಒಂದು ಕ್ಲಿಕ್‌ಗೆ ಯಾರು ಎಷ್ಟು ಕೊಡುತ್ತಾರೆ ಎಂಬುದಕ್ಕೆ ಅದರ ಅಲ್ಗಾರಿದಮ್ ಹೆಚ್ಚು ತೂಕ ಕೊಡುತ್ತಿತ್ತು; ಹಾಗಾಗಿ ಎದ್ದು ಕಾಣುತ್ತಿದ್ದ ದರ ಎಷ್ಟೋ ಸಲ ಅಗ್ಗದ ದರ ಆಗಿರುತ್ತಿರಲಿಲ್ಲ. 2022ರಲ್ಲಿ 4.47 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಬಿತ್ತು. ಹೋಟೆಲ್ ವಿಷಯದಲ್ಲಿ ಮೋಸಹೋದವನಿಗೆ ಒಂದು ರಾತ್ರಿಯ ಬಾಡಿಗೆ ಹೆಚ್ಚಾಗುತ್ತದೆ, ಅಷ್ಟೇ. ಕಾರ್ಡಿನ ವಿಷಯ ಅಲ್ಲಿಗೇ ಮುಗಿಯುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ಮೊದಲ ಸಲ ಕಾರ್ಡ್ ಹಿಡಿದ ಒಬ್ಬ ಹುಡುಗಿ ತಿಂಗಳಲ್ಲಿ 50,000 ರೂಪಾಯಿ ಖರ್ಚು ಮಾಡಿದಳು ಎನ್ನಿ. ನೀವು ಹೊಗಳಿದ 1% ಕ್ಯಾಶ್‌ಬ್ಯಾಕ್‌ನಿಂದ ಅವಳಿಗೆ ಸಿಕ್ಕಿದ್ದು 500 ರೂಪಾಯಿ. ಬಿಲ್ ಬಂದಾಗ ಕೈ ಬಿಗಿಯಾಗಿತ್ತು. ‘ಮಿನಿಮಮ್ ಡ್ಯೂ’ ಎಂದು ಕಂಡ 5%, ಅಂದರೆ 2,500 ಕಟ್ಟಿದಳು. ಉಳಿದ 47,500ಕ್ಕೆ ತಿಂಗಳಿಗೆ 3.75% ಬಡ್ಡಿ, ಆ ಬಡ್ಡಿಯ ಮೇಲೆ 18% ಜಿಎಸ್‌ಟಿ. ಒಂದೇ ತಿಂಗಳಿಗೆ ಸುಮಾರು 2,100 ರೂಪಾಯಿ. ಅವಳು ಕಟ್ಟಿದ 2,500ರಲ್ಲಿ ಅಸಲಿಗೆ ಹೋದಂತಾದದ್ದು ಸುಮಾರು ನಾನೂರು. ಸಾಲದ್ದಕ್ಕೆ, ಬಾಕಿ ತೀರುವ ತನಕ ಹೊಸ ಖರೀದಿಗಳಿಗೂ ಬಡ್ಡಿಯಿಲ್ಲದ ಅವಧಿ ಸಿಗುವುದಿಲ್ಲ. ವರ್ಷಕ್ಕೆ 45% ಆಗುವ ಆ 3.75%, ನಿಮ್ಮ ನಕ್ಷತ್ರಗಳ ಪಕ್ಕದಲ್ಲಿ ಯಾಕಿಲ್ಲ?

ವರ್ಷಕ್ಕೆ 30% ಮೀರಿದ ಕಾರ್ಡ್ ಬಡ್ಡಿ ಅನುಚಿತ ವ್ಯಾಪಾರ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಆ ಮಿತಿಯೂ ಹೋದ ಮೇಲೆ ಗ್ರಾಹಕನಿಗೆ ಆಸರೆ ಅವನ ತಿಳಿವಳಿಕೆಯೊಂದೇ. ಆ ತಿಳಿವಳಿಕೆಯನ್ನು ಕೊಡುತ್ತೇವೆಂದು ಮುಂದೆ ಬಂದವರು ನೀವು.

ಕಾನೂನು ಏನೂ ಹೇಳಿಲ್ಲ ಎನ್ನಬೇಡಿ. ವಿಮೆ ಹೋಲಿಸುವ ಸೈಟುಗಳು ಪಾಲಿಸಿಗಳಿಗೆ ರೇಟಿಂಗ್, ರ್‍ಯಾಂಕ್, ‘ಬೆಸ್ಟ್ ಸೆಲ್ಲರ್’ ಪಟ್ಟ ಕೊಡಕೂಡದು ಎಂದು ವಿಮಾ ಪ್ರಾಧಿಕಾರ 2017ರಲ್ಲೇ ನಿಯಮ ಮಾಡಿತು. ಜಾಹೀರಾತುದಾರನ ಜೊತೆ ನಂಟಿದ್ದರೆ ಅದನ್ನು ಮುಚ್ಚಿಡದೆ ಹೇಳಬೇಕು ಎಂದು ಗ್ರಾಹಕ ರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿ ಹೇಳುತ್ತದೆ. ಹಲವು ಸಂಸ್ಥೆಗಳ ಸಾಲ ತೋರಿಸುವ ಆ್ಯಪ್‌ಗಳು ಯಾರ ಪರವೂ ವಾಲದೆ ತೋರಿಸಬೇಕೆಂದು ರಿಸರ್ವ್ ಬ್ಯಾಂಕ್ 2025ರ ಮೇ ತಿಂಗಳಲ್ಲಿ ಕಟ್ಟುಮಾಡಿತು. ಕ್ರೆಡಿಟ್ ಕಾರ್ಡ್ ಹೋಲಿಸುವವರಿಗೂ ಅಷ್ಟೇ ಖಡಾಖಂಡಿತವಾಗಿ ಹೇಳಿ ಎಂದು ರಿಸರ್ವ್ ಬ್ಯಾಂಕನ್ನು ನಾವೆಲ್ಲ ಒತ್ತಾಯಿಸಬೇಕು. ಹತ್ತು ಕೋಟಿಗೂ ಹೆಚ್ಚು ಕಾರ್ಡುಗಳಿರುವ ದೇಶ ಇದು.

‘ನಿಮಗೆ ಯಾವ ಕಾರ್ಡ್ ಸಿಗುತ್ತದೆ ನೋಡಿ’ ಎಂದು ಪ್ಯಾನ್ ನಂಬರು, ಮೊಬೈಲ್ ನಂಬರು ಇಸಿದುಕೊಳ್ಳುವುದರ ಬಗ್ಗೆಯೂ ಒಂದು ಮಾತು. ನಂಬರು ಕೊಟ್ಟವನು ಮಾಹಿತಿ ಕೇಳಿದ್ದ. ಸಂಜೆಯೊಳಗೆ ನಾಲ್ಕು ಕಡೆಯಿಂದ ಫೋನ್ ಬರಲಿ ಎಂದು ಕೇಳಿರಲಿಲ್ಲ. ಅವರ ಮಾತಿಗೆ ಕಟ್ಟುಬಿದ್ದು ಮೂರು ಬ್ಯಾಂಕಿಗೆ ಅರ್ಜಿ ಹಾಕಿದರೆ ಮೂರೂ ವಿಚಾರಣೆಗಳು ಅವನ ಕ್ರೆಡಿಟ್ ವರದಿಯಲ್ಲಿ ದಾಖಲಾಗುತ್ತವೆ, ಸ್ಕೋರ್ ತಗ್ಗುತ್ತದೆ. ಇದನ್ನು ಅವನಿಗೆ ಮೊದಲೇ ಹೇಳಿ.

ಕನ್ನಡದಲ್ಲಿ ಹಣಕಾಸಿನ ವಿಡಿಯೊ ಮಾಡುವವರ ಹೊಣೆ ಇನ್ನೂ ದೊಡ್ಡದು. ಕಾರ್ಡಿನ ಷರತ್ತುಗಳು ಸರಳವಾಗಿರಬೇಕು, ಆದಷ್ಟೂ ಸ್ಥಳೀಯ ಭಾಷೆಯಲ್ಲೂ ಇರಬೇಕು ಎಂದು ರಿಸರ್ವ್ ಬ್ಯಾಂಕ್ 2022ರ ನಿರ್ದೇಶನದಲ್ಲೇ ಹೇಳಿತ್ತು. ಆದರೂ ನಮ್ಮವರ ಕೈಗೆ ಬರುವುದು ಹೆಚ್ಚಾಗಿ ಇಂಗ್ಲಿಷಿನ ಪುಟಗಟ್ಟಲೆ ಷರತ್ತು. ಅದನ್ನು ಓದಲಾಗದ ಹಾಸನದ ಅಂಗಡಿಯವನು, ರಾಯಚೂರಿನ ಮೇಷ್ಟ್ರು ನಿಮ್ಮ ಹತ್ತು ನಿಮಿಷದ ಮಾತನ್ನೇ ನೆಚ್ಚಿಕೊಂಡು ಸಹಿ ಹಾಕುತ್ತಾರೆ. ‘ಅಣ್ಣ ಹೇಳಿದ್ದಾರೆ’ ಎಂದು ಮನೆಯವರಿಗೂ ಹೇಳುತ್ತಾರೆ.

ಅವರಿಗಾಗಿ ಇಷ್ಟು ಮಾಡಿ. ವಿಡಿಯೊದ ಮೊದಲ ನಿಮಿಷದಲ್ಲೇ, ಬಾಯಿಬಿಟ್ಟು, ‘ಈ ಕಾರ್ಡ್ ನೀವು ತಗೊಂಡರೆ ನನಗೆ ದುಡ್ಡು ಬರುತ್ತೆ’ ಎನ್ನಿ. ಎಷ್ಟು ಎಂಬುದನ್ನೂ ಹೇಳಿ. ಕಮಿಷನ್ ಇಲ್ಲದ ಎರಡಾದರೂ ಕಾರ್ಡನ್ನು ಅದೇ ಪಟ್ಟಿಯಲ್ಲಿ ಇಟ್ಟು ತೋರಿಸಿ. ಬಡ್ಡಿ, ವಾರ್ಷಿಕ ಶುಲ್ಕ, ತಡವಾದರೆ ಬೀಳುವ ದಂಡ, ಇವನ್ನು ಕ್ಯಾಶ್‌ಬ್ಯಾಕ್‌ನಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿ. ತಿಂಗಳ ಬಿಲ್ ಪೂರ್ತಿ ಕಟ್ಟಲಾಗದವರಿಗೆ ಈ ಪಟ್ಟಿಯ ಯಾವ ಕಾರ್ಡೂ ಬೇಡ ಎಂದು ಹೇಳುವ ಧೈರ್ಯ ಮಾಡಿ. ನೋಡುವವರೇ, ನೀವೂ ಸುಮ್ಮನಿರಬೇಡಿ. ಲಿಂಕ್ ಒತ್ತುವ ಮೊದಲು ಕಾಮೆಂಟಿನಲ್ಲಿ ಕೇಳಿ: ‘ಇದರಿಂದ ನಿಮಗೆಷ್ಟು?’ ಉತ್ತರ ಬರದಿದ್ದರೆ ಆ ಲಿಂಕ್ ಒತ್ತಬೇಡಿ.