ದೀರ್ಘ ವಿಮಾನಯಾನ: ಅಗಲವಾದ ಸೀಟಷ್ಟೇ ಸಾಲದು

ಅಮೆರಿಕದಲ್ಲಿರುವ ಮಕ್ಕಳು ಹೆತ್ತವರನ್ನು ಕರೆಸಿಕೊಳ್ಳುವಾಗ 'ಪ್ರೀಮಿಯಂ ಎಕಾನಮಿ' ಟಿಕೆಟ್ ಕಳುಹಿಸುವುದುಂಟು. ಸಾಮಾನ್ಯ ದರ್ಜೆಗಿಂತ ದುಬಾರಿ, ಬಿಸ್ನೆಸ್ ದರ್ಜೆಗಿಂತ ಅಗ್ಗ. ಈ ಕಾಳಜಿ ಮೆಚ್ಚತಕ್ಕದ್ದೇ. ಆದರೆ ಒಳ್ಳೆಯ ಸೀಟು ಕೊಡಿಸಿದೊಡನೆ ಅವರ ಆರೋಗ್ಯದ ಹೊಣೆ ತೀರಿತು ಎಂದುಕೊಳ್ಳಬೇಡಿ.

ಸಿಂಗಾಪುರದಿಂದ ನ್ಯೂಯಾರ್ಕಿಗೆ ಹಾರುವ ಸಿಂಗಾಪುರ ಏರ್‌ಲೈನ್ಸ್ ವಿಮಾನವನ್ನೇ ನೋಡಿ. ಸುಮಾರು 15,300 ಕಿ.ಮೀ. ದೂರ, 18 ಗಂಟೆಗೂ ಹೆಚ್ಚಿನ ಪ್ರಯಾಣ. ನಡುವೆ ಎಲ್ಲೂ ಇಳಿಯುವುದಿಲ್ಲ. ಇಂಥ ದೂರಕ್ಕೆಂದೇ ಸಿದ್ಧಪಡಿಸಿದ ಏರ್‌ಬಸ್ ವಿಮಾನದಲ್ಲಿ ಸಾಮಾನ್ಯ ದರ್ಜೆಯೇ ಇಲ್ಲ. 67 ಬಿಸ್ನೆಸ್ ಸೀಟುಗಳು, 94 ಪ್ರೀಮಿಯಂ ಎಕಾನಮಿ ಸೀಟುಗಳು. ಪ್ರೀಮಿಯಂ ಎಕಾನಮಿಯಲ್ಲಿ ಸಾಲಿನಿಂದ ಸಾಲಿಗೆ 38 ಅಂಗುಲ ಅಂತರವಿದೆ. ಮಂಡಿಗೂ ಸೊಂಟಕ್ಕೂ ಇದರಿಂದ ಆರಾಮ ಸಿಗುತ್ತದೆ, ನಿಜ.

ಆದರೆ ರಕ್ತಕ್ಕೆ ದರ್ಜೆ ಗೊತ್ತಿಲ್ಲ. ಗಂಟೆಗಟ್ಟಲೆ ಕಾಲು ಆಡಿಸದೆ ಕುಳಿತರೆ ಕಾಲಿನ ಒಳರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಶ್ವಾಸಕೋಶಕ್ಕೆ ಹರಿದರೆ ಪ್ರಾಣಾಪಾಯ. ನಾಲ್ಕು ಗಂಟೆ ಮೀರಿದ ಪ್ರಯಾಣದಿಂದ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ತಿಳಿಸಿದೆ. ಆರೋಗ್ಯವಂತರಲ್ಲಿ ಇದು ಅಪರೂಪ. ಆದರೆ ಹಿಂದೆ ಹೆಪ್ಪುಗಟ್ಟಿದವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು, ಗರ್ಭಿಣಿಯರು, ಕ್ಯಾನ್ಸರ್ ರೋಗಿಗಳು ಟಿಕೆಟ್ ತೆಗೆಯುವ ಮೊದಲೇ ವೈದ್ಯರನ್ನು ಕಾಣಬೇಕು.

ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ವಿಮಾನದ ಶೌಚಾಲಯದಲ್ಲಿ ಸಾಮಾನ್ಯವಾಗಿ ಕಾಗದವಿರುತ್ತದೆ, ತೊಳೆಯಲು ನೀರಿನ ಪೈಪ್ ಇರುವುದಿಲ್ಲ. ಶುಚಿತ್ವದ ಚಿಂತೆಯಿಂದ ಅನೇಕ ತಾಯಂದಿರು ನೀರು ಕುಡಿಯುವುದನ್ನೇ ಬಿಡುತ್ತಾರೆ, ಸೀಟಿನಿಂದ ಏಳುವುದೂ ಇಲ್ಲ. ವಿಮಾನದೊಳಗಿನ ಗಾಳಿಯೋ ಬಹಳ ಒಣ. ಬಾಯಾರಿಕೆಯೂ ಸೇರಿ, ಕದಲದೆ ಕೂರುವುದೂ ಸೇರಿದರೆ ದುಬಾರಿ ಟಿಕೆಟಿನಿಂದ ಏನು ಬಂತು?

ಇದಕ್ಕೆ ಪರಿಹಾರ ಸುಲಭ. ಕೈಚೀಲದಲ್ಲಿ ಒಂದು ಸಣ್ಣ ಖಾಲಿ ಬಾಟಲಿ ಇಟ್ಟುಕೊಡಿ. ಶೌಚಾಲಯದ ನಲ್ಲಿಯಿಂದ ನೀರು ತುಂಬಿಸಿಕೊಳ್ಳಬಹುದು. ವುಝೂ ಮಾಡಿಯೇ ಚರ್ಮದ ಕಾಲುಚೀಲ ಧರಿಸಿದರೆ ಪ್ರಯಾಣಿಕರಿಗೆ ಮೂರು ಹಗಲು ಮೂರು ರಾತ್ರಿ ಅದರ ಮೇಲೆ ಒದ್ದೆ ಕೈ ಸವರುವ ಅನುಮತಿಯಿದೆ. ಸಣ್ಣ ಬೇಸಿನ್ನಿಗೆ ಕಾಲೆತ್ತಿ ಜಾರಿ ಬೀಳುವ ಭಯವಿಲ್ಲ. ಚೆಲ್ಲಿದ ನೀರನ್ನು ಒರೆಸಿಯೇ ಹೊರಬನ್ನಿ. ಹಿಂದೆ ಬರುವವರಿಗೆ ತೊಂದರೆ ಕೊಡದಿರುವುದೂ ಶುಚಿತ್ವದ ಭಾಗವೇ.

ಸೀಟು ಆರಿಸುವಾಗ ಕಿಟಕಿ ಬದಿ ಬೇಡ, ನಡೆಯುವ ದಾರಿಯ ಬದಿ ಇರಲಿ. ಏಳಲು ಪಕ್ಕದವರನ್ನು ಕೇಳಬೇಕಿಲ್ಲ. ಒಂದೆರಡು ಗಂಟೆಗೊಮ್ಮೆ ನಡೆಯಲಿ, ಕುಳಿತಲ್ಲೇ ಪಾದ ಮೇಲೆ ಕೆಳಗೆ ಆಡಿಸಲಿ. ಸೀಟ್ ಬೆಲ್ಟ್ ಸೂಚನೆ ಇಲ್ಲದಾಗ ಸಿಬ್ಬಂದಿಯನ್ನು ಕೇಳಿ ಜಾಗ ಸಿಕ್ಕರೆ ನಿಂತು ನಮಾಝ್ ಮಾಡಿದರೆ ಕಾಲಿಗೂ ಚಲನೆ ಸಿಗುತ್ತದೆ. ಮಧುಮೇಹವಿದ್ದವರು ಇನ್ಸುಲಿನ್ ವೇಳೆಯ ಬಗ್ಗೆ ಮೊದಲೇ ವೈದ್ಯರನ್ನು ಕೇಳಲಿ. ಔಷಧ ಕೈಚೀಲದಲ್ಲೇ ಇರಲಿ. ಬಿಗಿಯಾದ ಕಾಲುಚೀಲವನ್ನಾಗಲಿ, ಆಸ್ಪಿರಿನ್ ಮಾತ್ರೆಯನ್ನಾಗಲಿ ವೈದ್ಯರನ್ನು ಕೇಳದೆ ಬಳಸಬಾರದು.

ಇಳಿದ ನಂತರವೂ ಕೆಲವು ವಾರ ಗಮನವಿರಲಿ. ಒಂದೇ ಕಾಲು ಊದಿ ನೋವು ಬಂದರೆ ಪ್ರಯಾಣದ ಆಯಾಸವೆಂದು ಎಣ್ಣೆ ತಿಕ್ಕುತ್ತಾ ಕೂರಬೇಡಿ, ಅಂದೇ ವೈದ್ಯರಿಗೆ ತೋರಿಸಿ. ಇದ್ದಕ್ಕಿದ್ದಂತೆ ಉಸಿರುಕಟ್ಟಿದರೆ, ಎದೆನೋವು ಬಂದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಅನುಕೂಲವಿದ್ದರೆ ಒಳ್ಳೆಯ ಸೀಟು ಖಂಡಿತ ಕೊಡಿಸಿ. ಜೊತೆಗೆ ಅರ್ಧ ಗಂಟೆ ಫೋನಿನಲ್ಲಿ ಕುಳಿತು ಈ ಮಾತುಗಳನ್ನು ತಾಯಿಗೆ ಸಂಕೋಚವಿಲ್ಲದೆ ಬಿಡಿಸಿ ಹೇಳಿ. ಅದಕ್ಕೆ ಹೆಚ್ಚಿನ ದರವೇನೂ ಇಲ್ಲ.